ಆ ಮಾತ್ರೆ ಬೇಡ, ವಿಟಮಿನ್ ಇ ಕೊಡಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದೊಂದು ಮೆಡಿಕಲ್ ಇದೆ. ಹೋಟೆಲ್ ಕೆಲಸದಿಂದ ನಿವೃತ್ತರಾದ ನಮ್ಮೂರ ಕಡೆಯವರೇ ಗಿರಾಕಿಗಳಲ್ಲಿ ಜಾಸ್ತಿ. ಮೊನ್ನೆ ಕುಂದಾಪುರದ ಹಿರಿಯರೊಬ್ಬರು ಬಂದರು. ಮುಂಬೈಯ ಫೋರ್ಟ್‌ನಲ್ಲಿ 30 ವರ್ಷ ಕ್ಯಾಂಟೀನ್ ನಡೆಸಿದವರು. ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ.

"ಹಾರ್ಟಿನ ಆ ಮಾತ್ರೆ, ರಾಮಿಪ್ರಿಲ್, ಬೇಡ ಮಾರಾಯ್ರೆ, ಆ ಕೊಲೆಸ್ಟ್ರಾಲ್ ಮಾತ್ರೆಯೂ ಬೇಡ. ವಿಟಮಿನ್ ಇ ಇನ್ನೊಂದು ಸ್ಟ್ರಿಪ್ ಕೊಡಿ. ರಕ್ತನಾಳಕ್ಕೆ ತುಕ್ಕು ಹಿಡಿಯೋದು ನಿಲ್ಲುತ್ತಂತೆ."

ವಾಟ್ಸಾಪ್ ಪಾಠ. ಆದರೆ ಪೂರ್ತಿ ಸುಳ್ಳಲ್ಲ, ಕಷ್ಟ ಇರೋದೇ ಅಲ್ಲಿ.

ರಕ್ತನಾಳದ ಒಳಮೈಗೆ ಒಂದೇ ಪದರ ಜೀವಕೋಶಗಳ ಹಾಸು ಇದೆ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊರಸೂಸಿದರೆ ನಾಳ ಸಡಿಲಾಗುತ್ತದೆ. 1980ರಲ್ಲಿ ಅಮೆರಿಕದ ವಿಜ್ಞಾನಿ ಫರ್ಚ್‌ಗಾಟ್ ಮೊಲದ ರಕ್ತನಾಳದ ಒಳಪದರವನ್ನು ಉಜ್ಜಿ ತೆಗೆದು ನೋಡಿದರು. ಸಡಿಲಿಸಬೇಕಾದ ರಾಸಾಯನಿಕ ಹಾಕಿದರೂ ನಾಳ ಸಡಿಲಾಗಲಿಲ್ಲ. ಆ ಜಾಡು ಹಿಡಿದ ಸಂಶೋಧನೆಗೆ 1998ರಲ್ಲಿ ನೊಬೆಲ್ ಬಂತು. ಈ ನೈಟ್ರಿಕ್ ಆಕ್ಸೈಡನ್ನು ಹಾಳು ಮಾಡೋದು ಸೂಪರ್ ಆಕ್ಸೈಡ್ ಎಂಬ ಪುಂಡ ಕಣ. ನಮ್ಮ ಮೈಯಲ್ಲೇ ಇರುವ ಆಂಜಿಯೋಟೆನ್ಸಿನ್ ಎಂಬ ಹಾರ್ಮೋನ್ ಹೆಚ್ಚಾದರೆ ನಾಳದ ಗೋಡೆಯಲ್ಲಿ ಆ ಕಣ ಹುಟ್ಟೋದೂ ಹೆಚ್ಚುತ್ತದೆ.

ರಾಮಿಪ್ರಿಲ್ ಆ ಹಾರ್ಮೋನನ್ನೇ ಕಡಿಮೆ ಮಾಡುತ್ತದೆ. ಸ್ಟಾಟಿನ್, ಅಂದರೆ ಅವರು ಬೇಡವೆಂದ ಆ ಕೊಲೆಸ್ಟ್ರಾಲ್ ಮಾತ್ರೆ ಕೂಡ, ಕಣ ಹುಟ್ಟಿಸುವ ಕಿಣ್ವವನ್ನು ತಗ್ಗಿಸಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸುವುದು ಪ್ರಯೋಗಾಲಯದಲ್ಲಿ ಕಂಡಿದೆ. ಅದರ ಮುಖ್ಯ ಲಾಭ ಕೊಲೆಸ್ಟ್ರಾಲ್ ಇಳಿಸುವುದೇ, ಇದು ಮೇಲಿನ ಕೊಸರು ಅಂತ ನನ್ನ ಲೆಕ್ಕ.

ಹಾಗಾದರೆ ವಿಟಮಿನ್ ಇ? ಅದೂ ಆಕ್ಸಿಡೀಕರಣ, ಅಂದರೆ ಆ ತುಕ್ಕು, ತಡೆಯುವುದೇ ಅಲ್ವಾ? 2000ರಲ್ಲಿ ಬಂದ ಹೋಪ್ ಎಂಬ ಅಧ್ಯಯನದಲ್ಲಿ ಹೃದಯದ ಅಪಾಯ ಹೆಚ್ಚಿದ್ದ 9,000ಕ್ಕೂ ಹೆಚ್ಚು ಜನರಲ್ಲಿ ರಾಮಿಪ್ರಿಲ್, ವಿಟಮಿನ್ ಇ ಎರಡನ್ನೂ ಪರೀಕ್ಷಿಸಿದರು. ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ-ರಕ್ತನಾಳದ ಕಾಯಿಲೆಯ ಸಾವು, ಮದ್ದಿಲ್ಲದ ಸುಳ್ಳು ಮಾತ್ರೆ ತಿಂದವರಲ್ಲಿ 100ಕ್ಕೆ ಸುಮಾರು 18 ಮಂದಿಗೆ, ರಾಮಿಪ್ರಿಲ್ ತಿಂದವರಲ್ಲಿ 14 ಮಂದಿಗೆ ಆಯಿತು. ವಿಟಮಿನ್ ಇ ತಿಂದವರಿಗೆ ಏನೂ ಲಾಭ ಕಾಣಲಿಲ್ಲ.

ಕ್ಯಾಂಟೀನ್ ಭಾಷೆಯಲ್ಲೇ ಹೇಳಿದೆ: "ಒಲೆ ಸಣ್ಣ ಮಾಡದೆ ಉಕ್ಕುವ ಹಾಲಿಗೆ ನೀರು ಚಿಮುಕಿಸಿದ ಹಾಗೆ ಅಣ್ಣ, ನಿಮ್ಮ ಕ್ಯಾಪ್ಸೂಲು."

ಅವರು ನಕ್ಕರು. ಆಮೇಲೆ ನಿಜ ಹೊರಬಂತು. ಮಾತ್ರೆ ಬಿಟ್ಟದ್ದು ಒಣಕೆಮ್ಮಿಗೆ! ರಾತ್ರಿಯಿಡೀ ಕೆಮ್ಮು, ಸೊಸೆಗೂ ನಿದ್ದೆ ಇಲ್ಲ. ರಾಮಿಪ್ರಿಲ್‌ನಿಂದ ಕೆಲವರಿಗೆ ಹಾಗಾಗುತ್ತದೆ. ಡಾಕ್ಟರಿಗೆ ಹೇಳಿದರೆ ಬೇರೆ ಜಾತಿಯ ಮಾತ್ರೆ ಬರೆಯುತ್ತಾರೆ. ಇವರು ಹೇಳಿರಲೇ ಇಲ್ಲ. ನಾವೂ ಕೌಂಟರಿನಲ್ಲಿ ಕೇಳಿರಲಿಲ್ಲ, ಹೋದ ವಾರ ಸುಮ್ನೆ ಕ್ಯಾಪ್ಸೂಲ್ ಕೊಟ್ಟು ಕಳಿಸಿದ್ದೆವು.

ಅಲ್ಲಿಂದಲೇ ಡಾಕ್ಟರಿಗೆ ಫೋನ್ ಹಚ್ಚಿಸಿದೆ. ಸಂಜೆಗೆ ಸಮಯ ಸಿಕ್ಕಿತು. ಮೆಟ್ಟಿಲು ಇಳಿದವರು ತಿರುಗಿ ಬಂದರು.

"ಹಳೇ ಸ್ಟ್ರಿಪ್‌ನಲ್ಲಿ 4 ಕ್ಯಾಪ್ಸೂಲ್ ಉಳಿದಿದೆ. ವಾಪಸ್ ತಗೊಳ್ತೀರಾ?"