ಒಳಗಿನ ರೈಟ್ರು

ಜುಲೈ ತಿಂಗಳಲ್ಲಿ ಮಡಿಕೇರಿಯಿಂದ ಭಾಗಮಂಡಲದ ಬಸ್ಸು ಹತ್ತುವವರು ಎಲ್ಲ ಮುಗಿಸಿಕೊಂಡೇ ಹತ್ತಿರುತ್ತಾರೆ. ಬೆಳಗ್ಗಿನ ಒಂದು ಲೋಟ ಕಾಫಿ ಬಿಟ್ಟರೆ ನೀರೂ ಕುಡಿದಿರುವುದಿಲ್ಲ. ಆದರೂ ಬೆಟ್ಟಗೇರಿ ದಾಟಿ ಚೇರಂಬಾಣೆ ಬರುವಷ್ಟರಲ್ಲಿ ಮುಖದಲ್ಲೊಂದು ಗಾಂಭೀರ್ಯ ಮೂಡುತ್ತದೆ. ಮಾತು ನಿಲ್ಲುತ್ತದೆ. ಬಸ್ಸು ಪ್ರತಿ ಗುಂಡಿಗೆ ಇಳಿದಾಗಲೂ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಾರೆ. ದಾರಿ ತಲಕಾವೇರಿಯದ್ದಾದ್ದರಿಂದ ಪಕ್ಕದವರು ಅದನ್ನು ಭಕ್ತಿ ಎಂದುಕೊಳ್ಳುತ್ತಾರೆ. ಅಸಲಿಗೆ ಅದು ಮೂತ್ರದ ಅವಸರ.

ಬೈಗುಳ ಮಾತ್ರ ಕಾಫಿಗೆ. ಕಾಫಿಯ ಪಾಲು ಇದರಲ್ಲಿ ಸ್ವಲ್ಪ. ಅಸಲು ಆಸಾಮಿ ಮಿದುಳಿನ ಬುಡದಲ್ಲಿ ಕುಳಿತಿರುವ, ಬಾದಾಮಿ ಗಾತ್ರದ ಹೈಪೋಥಲಾಮಸ್. ಕಾಫಿ ತೋಟದ ಲೆಕ್ಕ ಬರೆಯುವ ರೈಟ್ರನ್ನು ಕಂಡವರಿಗೆ ಇದರ ಸ್ವಭಾವ ಬಿಡಿಸಿ ಹೇಳಬೇಕಿಲ್ಲ. ಒಳಗಿನ ಉಷ್ಣಾಂಶ 37 ಡಿಗ್ರಿಯ ಆಸುಪಾಸಿನಲ್ಲಿರಬೇಕು ಎಂಬುದೊಂದೇ ಅದಕ್ಕೆ ಗೊತ್ತಿರುವ ಲೆಕ್ಕ. ನಿಮ್ಮ ಮಾನ ಮರ್ಯಾದೆ ಆ ಪುಸ್ತಕದಲ್ಲಿ ಎಲ್ಲೂ ನಮೂದಾಗಿಲ್ಲ.

ಚಳಿ ಬಿತ್ತೆಂದರೆ ರೈಟ್ರು ಮೊದಲು ಕೂಲಿಯಾಳುಗಳ ಲೈನ್ ಮನೆಗಳ ರೇಷನ್ ಕತ್ತರಿಸುತ್ತಾರೆ. ಕೈಬೆರಳು, ಕಾಲ್ಬೆರಳು, ಕಿವಿ, ಮೂಗಿನ ತುದಿಯ ಚರ್ಮದ ರಕ್ತನಾಳಗಳು ಕುಗ್ಗುತ್ತವೆ. ಬೆಚ್ಚಗಿನ ರಕ್ತವೆಲ್ಲ ಬಂಗಲೆಗೆ, ಅಂದರೆ ಎದೆ ಹೊಟ್ಟೆಗಳ ಕಡೆಗೆ. ಅಲ್ಲಿ ಒಮ್ಮೆಲೇ ರಕ್ತ ತುಂಬಿದಾಗ ಹೃದಯದ ಮೇಲ್ಕೋಣೆಗಳು ಹಿಗ್ಗುತ್ತವೆ, ‘ನೀರು ಜಾಸ್ತಿಯಾಯಿತು’ ಎಂದು ವರದಿ ಕಳಿಸುತ್ತವೆ. ಜಾಸ್ತಿ ಆಗಿರುವುದೇನೂ ಇಲ್ಲ, ಜಾಗ ಬದಲಾಗಿದೆ ಅಷ್ಟೆ. ಆದರೆ ವರದಿ ಬಂದ ಮೇಲೆ ಕ್ರಮ ಆಗಲೇಬೇಕಲ್ಲ! ವ್ಯಾಸೋಪ್ರೆಸ್ಸಿನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಹೆಚ್ಚುಕಡಿಮೆ ಎಲ್ಲವನ್ನೂ ರಕ್ತಕ್ಕೆ ಹಿಂದಿರುಗಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಡುವ ಮಹಾ ಜಿಪುಣರು. ಆ ಜಿಪುಣತನ ಕಾಯುವುದೇ ಈ ಹಾರ್ಮೋನು. ಅದು ಇಳಿದರೆ ಹಾರಂಗಿ ಅಣೆಕಟ್ಟಿನ ಗೇಟು ತೆಗೆದಂತೆ. ನೀರು ಕುಡಿಯದೆ ಬಸ್ಸು ಹತ್ತುವುದರಿಂದ ಹೆಚ್ಚು ಪ್ರಯೋಜನವಿಲ್ಲ; ಕಾಲುಚೀಲ, ಮಫ್ಲರ್ ಹಾಕಿಕೊಂಡು ಹತ್ತಿದರೆ ಇದೆ.

ಇಷ್ಟಕ್ಕೂ ಚಳಿ ಬಗ್ಗದಿದ್ದರೆ ನಡುಕ. ಸ್ನಾಯುಗಳು ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಅದುರಿ, ವಿಶ್ರಾಂತಿಯಲ್ಲಿ ಹುಟ್ಟುವ ಶಾಖದ ನಾಲ್ಕೈದು ಪಟ್ಟು ಹುಟ್ಟಿಸಬಲ್ಲವು. ಜೊತೆಗೆ ರೋಮಾಂಚನವೂ ಉಂಟು. ತುಪ್ಪಳವಿದ್ದ ಕಾಲದ ಸುತ್ತೋಲೆ ಅದು, ಇನ್ನೂ ಯಾರೂ ರದ್ದು ಮಾಡಿಲ್ಲ.

ಬೆಟ್ಟ ಹತ್ತುವವರ ಪಾಡು ಇದಕ್ಕೆ ತಿರುಗುಮುರುಗು. ತಡಿಯಂಡಮೋಳ್ 1,748 ಮೀಟರ್. ಬುಡದಲ್ಲೇ ರೇನ್‌ಕೋಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದು ಹೊರಡುತ್ತಾರೆ. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಒಯ್ಯುತ್ತದೆ. ಆದರೆ ಅದು ‘ಆರಿದರೆ’ ಮಾತ್ರ. ಪ್ಲಾಸ್ಟಿಕ್ಕಿನ ಒಳಗೆ, ಅದೂ ಮಂಜು ಕವಿದ ಗಾಳಿಯಲ್ಲಿ, ಬೆವರು ಆರದೆ ಹರಿಯುತ್ತದೆ. ತಣಿಯಲಿಲ್ಲವೆಂದು ರೈಟ್ರು ಇನ್ನಷ್ಟು ಬೆವರು ಸುರಿಸುತ್ತಾರೆ. ಹೊರಗೆ ಒಂದು ಮಳೆ, ಒಳಗೆ ಇನ್ನೊಂದು. ತುದಿ ತಲುಪಿ ಕುಳಿತ ಕೂಡಲೇ ದುಡಿಮೆಯ ಶಾಖ ನಿಲ್ಲುತ್ತದೆ, ಒದ್ದೆ ಬನಿಯನ್ನು ಕೆಲಸ ಶುರುಮಾಡುತ್ತದೆ: ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಒಯ್ಯುತ್ತದೆ. ಹೊರಡುವಾಗ ಸ್ವಲ್ಪ ಚಳಿ ಎನಿಸಬೇಕು, ಅದೇ ಸರಿಯಾದ ಅಳತೆ. ಒಣ ಬನಿಯನ್ನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುಕೊಳ್ಳಿ. ಮೊದಲು ಒದ್ದೆ ಬಿಚ್ಚುವುದು, ಆಮೇಲೆ ಕಂಬಳಿ, ಕೊನೆಗೆ ಬೆಲ್ಲದ ಕಾಫಿ. ಜನ ಮಾಡುವುದು ಉಲ್ಟಾ. 60 ಕಿಲೋ ಮೈಗೆ 150 ಮಿಲೀ ಬಿಸಿ ಕಾಫಿ ಬಿದ್ದರೆ ಉಷ್ಣಾಂಶ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟೂ ಏರುವುದಿಲ್ಲ, ಏರುವುದು ಉತ್ಸಾಹ.

ಮಿಲಿಟರಿ ಕ್ಯಾಂಟೀನ್ ಕೋಟಾದ ರಮ್ಮಿನ ವಿಷಯ ಕೊಡಗಿನಲ್ಲಿ ಜೋಪಾನವಾಗಿ ಮಾತಾಡಬೇಕು. ಎರಡು ಪೆಗ್ ಇಳಿದರೆ ಮೈ ಬೆಚ್ಚಗಾಗುವುದು ಸುಳ್ಳಲ್ಲ. ರೈಟ್ರು ಮುಚ್ಚಿಸಿದ್ದ ಚರ್ಮದ ನಾಳಗಳನ್ನು ರಮ್ಮು ತೆರೆಸುತ್ತದೆ, ಬಂಗಲೆಯ ಬಿಸಿ ರಕ್ತ ಲೈನ್ ಮನೆಗಳಿಗೆ ನುಗ್ಗುತ್ತದೆ. ಬಿಸಿ ತಿಳಿಯುವ ನರಗಳು ಹೆಚ್ಚಾಗಿ ಚರ್ಮದಲ್ಲೇ ಇರುವುದರಿಂದ ‘ಆಹಾ’ ಎನಿಸುತ್ತದೆ. ಆ ಆಹಾಕಾರದ ಹೊತ್ತಿನಲ್ಲೇ ಒಳಗಿನ ಶಾಖ ಹೊರಗೆ ಸೋರುತ್ತಿರುತ್ತದೆ. ನಡುಕವೂ ತಗ್ಗುತ್ತದೆ, ವ್ಯಾಸೋಪ್ರೆಸ್ಸಿನ್ನೂ ತಗ್ಗುತ್ತದೆ. ಅಗ್ಗಿಷ್ಟಿಕೆ ಎದುರು ಕುಳಿತು ಕುಡಿದವರಿಗೆ ಹಾನಿ ಕಡಿಮೆ. ಕುಡಿದು ಮಳೆಯಲ್ಲಿ ಗದ್ದೆ ಬದುವಿನ ಮೇಲೆ ಮನೆಗೆ ಹೊರಟವರದ್ದೇ ಕಥೆ.

ನೆನೆದು ಬಂದವರು ನೇರ ಹಂಡೆಗೆ ಕೈ ಹಾಕುತ್ತಾರೆ. ಕುದಿಯುವ ನೀರು ಸುರಿದುಕೊಂಡು, ಮಣೆಯಿಂದ ಠಪ್ಪನೆ ಎದ್ದು, ಗೋಡೆ ಹಿಡಿಯುತ್ತಾರೆ. ಮೈಯ ನಾಳಗಳೆಲ್ಲ ಅರಳಿವೆ, ಎದ್ದಾಗ ರಕ್ತ ಕಾಲಿಗಿಳಿದಿದೆ, ಕತ್ತಿನ ನಾಳದಲ್ಲಿರುವ ಒತ್ತಡದ ಕಾವಲುಗಾರ ಹೃದಯದ ಬಡಿತ ಏರಿಸಲು ಕೆಲವು ಕ್ಷಣ ತೆಗೆದುಕೊಳ್ಳುತ್ತಾನೆ. ಆ ಕ್ಷಣಗಳಲ್ಲೇ ನಕ್ಷತ್ರ ದರ್ಶನ. ಕೊನೆಯ ಎರಡು ಚೊಂಬು ಉಗುರುಬೆಚ್ಚಗಿರಲಿ, ಕಾಲನ್ನು ಒಂದಿಷ್ಟು ಮಡಚಿ ಬಿಡಿಸಿ ಆಮೇಲೆ ಏಳಿ.

ಪಂದಿಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಹಾಕಿದ ಕಾಚಂಪುಳಿ ಎಂಬ ಕಪ್ಪು ಹಣ್ಣುಹುಳಿಯಿಂದ ರಕ್ತ ಹುಳಿಯಾಗುತ್ತದೆಂದು ಹೆದರಿಸುವವರಿದ್ದಾರೆ. ಆಗುವುದಿಲ್ಲ. ಜಠರದ ಆಮ್ಲ ಕಾಚಂಪುಳಿಗಿಂತ ಹುಳಿ. ಹುಳಿಯ ಅಳತೆಯಾದ ಪಿಎಚ್ ರಕ್ತದಲ್ಲಿ 7.35ರಿಂದ 7.45ರೊಳಗೇ ನಿಲ್ಲುವಂತೆ ರಕ್ತದಲ್ಲೇ ಇರುವ ಬೈಕಾರ್ಬೊನೇಟು, ಶ್ವಾಸಕೋಶ, ಮೂತ್ರಪಿಂಡ ಮೂವರೂ ಪಾಳಿಯಲ್ಲಿ ಕಾಯುತ್ತಾರೆ.

ಈ ಮೂತ್ರಪಿಂಡಗಳ ದುಡಿಮೆ ಕಣ್ಣಿಗೆ ಬೀಳುವ ದಿನವೊಂದು ವರ್ಷಕ್ಕೊಮ್ಮೆ ಬರುತ್ತದೆ: ಆಟಿ ತಿಂಗಳ ಹದಿನೆಂಟು, ಆಗಸ್ಟ್ 3ರ ಆಸುಪಾಸು. ಮದ್ದು ಸೊಪ್ಪು ಬೇಯಿಸಿ, ಆ ನೇರಳೆ ನೀರಿನಲ್ಲಿ ಪಾಯಸ ಮಾಡಿ ಉಣ್ಣುತ್ತಾರೆ. ಸೊಪ್ಪಿನ ಬಣ್ಣವನ್ನು ಮೂತ್ರಪಿಂಡಗಳು ಹೊರಗೆ ಹಾಕುತ್ತವೆ. ಊರವರಿಗೆ ಇದು ಗೊತ್ತು. ಬೆಂಗಳೂರಿನಿಂದ ಬಂದ ಹೊಸ ಅಳಿಯನಿಗೆ ಮಾತ್ರ ಯಾರೂ ಹೇಳಿರುವುದಿಲ್ಲ. ಮರುದಿನ ಬೆಳಗ್ಗೆ ಆತ ಬಚ್ಚಲಿನಿಂದ ಬಿಳಿಚಿಕೊಂಡು ಹೊರಬಂದು, ಇಲ್ಲಿಂದ ಆಸ್ಪತ್ರೆ ಎಷ್ಟು ದೂರ ಎಂದು ಕೇಳುವವರೆಗೆ ಮನೆಯವರೆಲ್ಲ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ಕಾಯುತ್ತಿರುತ್ತಾರೆ.