ಸ್ಕೂಲ್ ಡ್ರಾಪ್‌ಗೆ ಮೂರು ಲೀಟರ್ ಡೀಸೆಲ್ ಎಂಜಿನ್ ಬೇಡ

ಮೈಸೂರಿನ ಕುವೆಂಪುನಗರ ಇರಲಿ, ವಿಜಯನಗರ ಇರಲಿ, ಈಗ ಬೀದಿಗೊಂದಾದರೂ ಸೆಕೆಂಡ್ ಹ್ಯಾಂಡ್ ಲಕ್ಷುರಿ ಎಸ್‌ಯುವಿ ಕಣ್ಣಿಗೆ ಬೀಳುತ್ತೆ. ಮಂಡ್ಯದಲ್ಲೂ ಅಷ್ಟೇ. ಎಷ್ಟೋ ಗಾಡಿಗಳದ್ದು ಮೂರು ಲೀಟರ್, ಆರು ಸಿಲಿಂಡರ್ ಡೀಸೆಲ್ ಎಂಜಿನ್. ಬೆಳಿಗ್ಗೆ ಸರಸ್ವತಿಪುರಂಗೆ ಮಗೂನ ಸ್ಕೂಲಿಗೆ ಬಿಡೋದು, ಸಂಜೆ ದೇವರಾಜ ಅರಸು ರಸ್ತೆಯಲ್ಲಿ ಪಾರ್ಕಿಂಗ್ ಹುಡುಕೋದು, ಇಷ್ಟೇ ಅದರ ದಿನಚರಿ. ವರ್ಷ ತುಂಬೋದರೊಳಗೆ, ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಕಟ್ಟಿಕೊಂಡಿದೆ ಅಂತ ಮೀಟರ್‌ನಲ್ಲಿ ಹಳದಿ ದೀಪ ಬರುತ್ತೆ. ಆಗ ಯಾರೋ ಹೇಳ್ತಾರೆ, "ಫಿಲ್ಟರ್ ತೆಗೆಸಿಬಿಡಿ ಸಾರ್, ಪಿಕಪ್ಪೂ ಜಾಸ್ತಿ ಆಗುತ್ತೆ." ಆ ಮಾತು ನಂಬಿ ಗಾಡಿ ಕೆಡಿಸಿಕೊಂಡವರನ್ನು ನೋಡಿದರೆ ನಿಜಕ್ಕೂ ಸಂಕಟ ಆಗುತ್ತೆ. ಇಂಥ ಎಂಜಿನ್‌ಗಳು ಕೆಡೋದು ಬಹುಪಾಲು ಓಟ ಸಾಲದೆ.

ಓಟ ಸಿಕ್ಕರೆ ಇವುಗಳ ಮುಂದೆ ನಿಲ್ಲೋ ಎಂಜಿನ್ ಕಡಿಮೆ. ಬಿಎಂಡಬ್ಲ್ಯು ಎಕ್ಸ್5 30ಡಿ ತಗೊಳ್ಳಿ: 2993 ಸಿಸಿ, 286 ಎಚ್‌ಪಿ, 650 ಎನ್‌ಎಂ ಟಾರ್ಕ್ (ಎಳೆಯೋ ಬಲ), ಅದೂ 1500 ಆರ್‌ಪಿಎಂಗೇ ಕೈಗೆ ಸಿಗುತ್ತೆ. ಮರ್ಸಿಡಿಸ್ ಜಿಎಲ್‌ಇ 450ಡಿ 367 ಎಚ್‌ಪಿ, 750 ಎನ್‌ಎಂ ಕೊಡುತ್ತೆ. ಟೊಯೊಟಾ ಲ್ಯಾಂಡ್ ಕ್ರೂಸರ್ 300ರ 3.3 ಲೀಟರ್ ವಿ6 ಡೀಸೆಲ್ 309 ಎಚ್‌ಪಿ, 700 ಎನ್‌ಎಂ. ಯುರೋಪಿನಲ್ಲಿ 2016ರಲ್ಲಿ ಬಂದ ಆಡಿ ಎಸ್‌ಕ್ಯೂ7ನ ವಿ8 ಡೀಸೆಲ್ ಅಂತೂ 900 ಎನ್‌ಎಂ ಕೊಡ್ತಿತ್ತು. ಎಂಜಿನ್‌ಗೆ ಗಾಳಿ ಒತ್ತಿ ತುಂಬೋ ಎರಡು ಟರ್ಬೊ ಜೊತೆಗೆ 48 ವೋಲ್ಟ್‌ನಲ್ಲಿ ತಿರುಗೋ ಎಲೆಕ್ಟ್ರಿಕ್ ಕಂಪ್ರೆಸರ್ ಬೇರೆ. ಆಕ್ಸಿಲರೇಟರ್ ಒತ್ತಿದ ಕಾಲು ಸೆಕೆಂಡಿನಲ್ಲಿ ಗಾಳಿ ತುಂಬುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಬಿಎಸ್6 ನಿಯಮ ಜಾರಿಗೆ ಬಂದಾಗ ಅದೇ ಆಡಿ ನಮ್ಮ ದೇಶದಲ್ಲಿ ಡೀಸೆಲ್ ಕೈಬಿಟ್ಟಿತು. ಹಾಗಾಗಿ ಆಡಿ ಡೀಸೆಲ್ ಬೇಕು ಅನ್ನೋರಿಗೆ ಸಿಗೋದು ಹಳೇ ಗಾಡಿ ಮಾತ್ರ, ಅದಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಮಸಿ ಯಾಕೆ ಕಟ್ಟುತ್ತೆ ಅನ್ನೋದು ಆಲೆಮನೆ ನೋಡಿದವರಿಗೆ ಬೇಗ ಅರ್ಥ ಆಗುತ್ತೆ. ಒಲೆ ಆಗಷ್ಟೇ ಹಚ್ಚಿದಾಗ ಕಪ್ಪು ಹೊಗೆ ದಟ್ಟವಾಗಿ ಏಳುತ್ತೆ, ಕಾವು ಏರಿದ ಮೇಲೆ ತೆಳ್ಳಗಾಗುತ್ತೆ. ತಣ್ಣಗಿರೋ ಎಂಜಿನ್ ಕೂಡ ಹಾಗೇ ಮಸಿ ಉಗುಳುತ್ತೆ. ಆ ಮಸಿಯನ್ನು ಹಿಡಿದಿಡೋದು ಡಿಪಿಎಫ್, ಅಂದರೆ ಸೈಲೆನ್ಸರ್ ಪೈಪಿನ ದಾರಿಯಲ್ಲಿ ಕೂತ ಜೇನುಗೂಡಿನಂಥ ಸೆರಾಮಿಕ್ ಫಿಲ್ಟರ್. ಅದು ತುಂಬಿದಾಗ ಒಳಗೇ ಸುಟ್ಟು ಖಾಲಿ ಮಾಡಿಕೊಳ್ಳಬೇಕು, ಸುಡೋಕೆ ಸುಮಾರು 600 ಡಿಗ್ರಿ ಬೇಕು. ಮೂರು ಕಿಲೋಮೀಟರ್ ಓಡಿ ಆಫ್ ಆಗೋ ಗಾಡಿಗೆ ಆ ಕಾವು ಎಲ್ಲಿಂದ ಬರಬೇಕು?

ಕಾವು ಏರಿಸೋಕೆ ಎಂಜಿನ್ ಒಂದು ಉಪಾಯ ಮಾಡುತ್ತೆ. ಪಿಸ್ಟನ್ ಕೆಲಸ ಮುಗಿಸಿ ಇಳಿಯೋ ಹೊತ್ತಿಗೆ ಇನ್ನೊಂದಿಷ್ಟು ಡೀಸೆಲ್ ಸಿಡಿಸುತ್ತೆ. ಅದು ಉರಿಯದೆ ಮುಂದೆ ಹೋಗಿ, ಹೊಗೆ ಶುದ್ಧ ಮಾಡೋ ಕ್ಯಾಟಲಿಸ್ಟ್‌ನಲ್ಲಿ ಉರಿದು ಫಿಲ್ಟರನ್ನು ಕಾಯಿಸಬೇಕು. ಇದೇ ರೀಜನರೇಶನ್, ಇದಕ್ಕೆ 10ರಿಂದ 20 ನಿಮಿಷ ಎಡೆಬಿಡದ ಓಟ ಬೇಕು. ಮನೆ ಬಂತು ಅಂತ ನಡುವೆ ಆಫ್ ಮಾಡಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತೆ. ಜೊತೆಗೆ ಹಾಗೆ ಸಿಡಿಸಿದ ಡೀಸೆಲ್‌ನಲ್ಲಿ ಸ್ವಲ್ಪ ಸಿಲಿಂಡರ್ ಗೋಡೆ ಹಿಡಿದು ಎಂಜಿನ್ ತಳದ ಆಯಿಲ್ ಸಂಪ್‌ಗೆ ಇಳಿಯುತ್ತೆ. ಮತ್ತೆ ಮತ್ತೆ ಹೀಗಾದರೆ ಆಯಿಲ್ ಮಟ್ಟ ಇಳಿಯೋ ಬದಲು ಏರುತ್ತೆ! ಏರಿದ್ದು ನೋಡಿ "ಆಯಿಲ್ ತಿಂತಾನೇ ಇಲ್ಲ" ಅಂತ ಖುಷಿಪಡಬೇಡಿ. ಡೀಸೆಲ್ ಬೆರೆತ ಆಯಿಲ್ ತೆಳುವಾಗಿ ಬೇರಿಂಗ್, ಟರ್ಬೊ ಎರಡನ್ನೂ ತಿನ್ನುತ್ತೆ. ಎಷ್ಟೋ ಹೊಸ ಗಾಡಿಗಳಲ್ಲಿ ಆಯಿಲ್ ಮಟ್ಟ ನೋಡೋ ಕಡ್ಡಿ (ಡಿಪ್‌ಸ್ಟಿಕ್) ಇಲ್ಲ, ಸ್ಕ್ರೀನ್‌ನಲ್ಲಿ ನೋಡಬೇಕು: ಸಮತಟ್ಟು ಜಾಗದಲ್ಲಿ, ಎಂಜಿನ್ ಬಿಸಿಯಿದ್ದಾಗ, ತಿಂಗಳಿಗೊಂದು ಸಲ.

ರೀಜನರೇಶನ್ ನಡೀತಿದೆ ಅಂತ ಗುರುತಿಸೋದು ಕಷ್ಟವಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಐಡಲ್ ಕೊಂಚ ಏರಿರುತ್ತೆ, ತಾನಾಗಿ ಆಫ್ ಆಗಬೇಕಾದ ಎಂಜಿನ್ ಆಗೋದಿಲ್ಲ, ಮೈಲೇಜ್ ಸೂಜಿ ಕುಸಿಯುತ್ತೆ, ಇಳಿದರೆ ಕಾದ ಕಬ್ಬಿಣದ ವಾಸನೆ, ಆಫ್ ಮಾಡಿದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತೆ. ಇಷ್ಟು ಕಂಡರೆ ಗೇಟಿನ ಮುಂದೆ ನಿಲ್ಲಿಸಬೇಡಿ, ರಿಂಗ್ ರೋಡಿಗೆ ಹೋಗಿ ಕಾಲು ಗಂಟೆ ಓಡಿಸಿ ಬನ್ನಿ. ಆ ಹೊತ್ತಿನಲ್ಲಿ ಒಣಗಿದ ಹುಲ್ಲು, ತರಗೆಲೆ ಮೇಲೆ ಮಾತ್ರ ಗಾಡಿ ನಿಲ್ಲಿಸಲೇಬೇಡಿ, ಕೆಳಗಿನ ಬಿಸಿಗೆ ಬೆಂಕಿ ಹಿಡಿಯಬಹುದು.

ವಾರಕ್ಕೊಂದು ಓಟಕ್ಕೆ ನಮ್ಮ ಎಕ್ಸ್‌ಪ್ರೆಸ್‌ವೇಗಿಂತ ಒಳ್ಳೇ ಜಾಗ ಬೇಡ. ಮೈಸೂರಿನಿಂದ ಮಂಡ್ಯ ಹೆಚ್ಚುಕಡಿಮೆ 45 ಕಿ.ಮೀ., 90ರಲ್ಲಿ ಹೋದರೆ ಅರ್ಧ ಗಂಟೆ. ಮಿತಿ 100, ಅದನ್ನು ದಾಟೋ ಅಗತ್ಯವೇ ಇಲ್ಲ. ಇಲ್ಲಿ ಬಹಳ ಜನ ಒಂದು ತಪ್ಪು ಮಾಡ್ತಾರೆ. ಎಂಟನೇ ಗೇರ್‌ನಲ್ಲಿ ಈ ಎಂಜಿನ್‌ಗಳು ನಿದ್ದೆ ಮಾಡಿದ ಹಾಗೆ 1500 ಆರ್‌ಪಿಎಂ ಆಸುಪಾಸಿನಲ್ಲಿ ತಿರುಗ್ತಿರುತ್ತವೆ, ಹೊಗೆ ತಣ್ಣಗೇ ಹೋಗುತ್ತೆ. ಮ್ಯಾನುಯಲ್‌ಗೆ ಹಾಕಿ ಆರನೇ ಗೇರ್ ಹಿಡಿಯಿರಿ, 2000ದ ಸುತ್ತ ಇಪ್ಪತ್ತೈದು ನಿಮಿಷ ಬಿಡದೆ ಓಡಲಿ. ಚಾಮುಂಡಿ ಬೆಟ್ಟ ಹತ್ತಿದರೆ ಸಾಲದೇ ಅಂತ ಕೇಳೋರಿದ್ದಾರೆ. ಹತ್ತುವಾಗ ಕಾವು ಚೆನ್ನಾಗಿ ಬರುತ್ತೆ, ಆದರೆ ಹೊತ್ತು ಸಾಲದು, ಇಳಿಯುವಾಗ ಎಲ್ಲ ಆರಿಹೋಗುತ್ತೆ.

ಇಷ್ಟಾದರೂ ದೀಪ ಹೋಗದಿದ್ದರೆ ಕಾರಣ ಹುಡುಕಿಸಿ. ಮೊದಲು ಕೂಲಂಟ್, ಅಂದರೆ ಎಂಜಿನ್ ತಂಪು ಮಾಡೋ ದ್ರವದ ತಾಪ. ಅದರ ಹರಿವು ಹಿಡಿತದಲ್ಲಿಡೋ ವಾಲ್ವ್, ಥರ್ಮೋಸ್ಟಾಟ್, ತೆರೆದೇ ಇದ್ದರೆ ಎಂಜಿನ್ 90ರ ಹತ್ತಿರ ಬರೋದೇ ಇಲ್ಲ, ಕೆಲವು ಗಾಡಿಗಳು 75 ಡಿಗ್ರಿ ಆಗೋವರೆಗೆ ರೀಜನರೇಶನ್ ಶುರುವನ್ನೇ ಮಾಡಲ್ಲ. ಆಮೇಲೆ ಪ್ರೆಷರ್ ಸೆನ್ಸರ್. ಫಿಲ್ಟರಿನ ಹಿಂದೆ ಮುಂದೆ ಒತ್ತಡ ಅಳೆಯೋ ಆ ಸಣ್ಣ ಸೆನ್ಸರ್‌ಗೆ ಕಿರುಬೆರಳು ಗಾತ್ರದ ರಬ್ಬರ್ ಪೈಪ್ ಹೋಗುತ್ತೆ. ಬಿಸಿಗೆ ಅದು ಗಟ್ಟಿಯಾಗಿ ಕೊನೆಯಲ್ಲಿ ಕೂದಲೆಳೆಯಷ್ಟು ಸೀಳುತ್ತೆ. ಮೇಲಿಂದ ನೋಡಿದರೆ ಕಾಣಲ್ಲ, ಬಗ್ಗಿಸಿದರೆ ಬಾಯಿ ಬಿಡುತ್ತೆ. ಆ ಸೀಳಿನಿಂದ ಲೆಕ್ಕ ತಪ್ಪುತ್ತೆ, ಚೆನ್ನಾಗಿರೋ ಫಿಲ್ಟರ್ ಹೋಯ್ತು ಅಂತ ಬಿಲ್ ಬರುತ್ತೆ. ಗ್ಯಾರೇಜ್‌ನಲ್ಲಿ ಗಾಡಿಯ ಕಂಪ್ಯೂಟರ್ ಓದೋ ಸ್ಕ್ಯಾನರ್ ಹಾಕಿದಾಗ ಮಸಿ ಎಷ್ಟು, ಬೂದಿ ಎಷ್ಟು ಅಂತ ಬೇರೆ ಬೇರೆ ಕೇಳಿ. ಮಸಿ ಸುಡುತ್ತೆ, ಬೂದಿ ಸುಡೋದಿಲ್ಲ. ಬೂದಿ ಬರೋದು ಎಂಜಿನ್ ಆಯಿಲ್‌ನಿಂದ, ಅದು ತುಂಬಿದ್ದರೆ ಫಿಲ್ಟರ್ ಬಿಚ್ಚಿ ತೊಳೆಸಬೇಕು, ಇಲ್ಲಾ ಬದಲಾಯಿಸಬೇಕು. ಕಿತ್ತು ಖಾಲಿ ಪೈಪ್ ಹಾಕೋದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಪ್ಪು. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಹಿಂದೆ ಬೈಕಿನಲ್ಲಿ ಮಗು ಕೂರಿಸಿಕೊಂಡು ಬರೋರ ಮುಖಕ್ಕೆ ಆ ಮಸಿ ಹೋಗುತ್ತೆ.

ಬೂದಿ ಕಡಿಮೆ ಬಿಡೋ ಆಯಿಲನ್ನೇ ಹಾಕಿಸಿ. ಬಿಎಂಡಬ್ಲ್ಯುಗೆ ಲಾಂಗ್‌ಲೈಫ್-04, ಮರ್ಸಿಡಿಸ್‌ಗೆ 229.52 ಅಂತ ಡಬ್ಬದ ಹಿಂದೆ ಬರೆದಿರಬೇಕು, ನಿಮ್ಮ ಮಾಡೆಲ್‌ಗೆ ಯಾವುದು ಅಂತ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ. ಆಯಿಲ್ ದಪ್ಪದ ಅಳತೆ 5ಡಬ್ಲ್ಯು-30 ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಊರೊಳಗೆ ಹೆಚ್ಚು ಓಡೋ ಗಾಡಿಗೆ ಸ್ಕ್ರೀನ್ ಏನೇ ಹೇಳಲಿ, 8,000ದಿಂದ 10,000 ಕಿ.ಮೀ.ಗೆ ಆಯಿಲ್ ಬದಲಾಯಿಸೋದೇ ಸರಿ ಅನ್ನೋದು ನನ್ನ ಖಚಿತ ಅಭಿಪ್ರಾಯ.

ತೋಟದ ಮನೆಯಲ್ಲಿ ಟ್ರ್ಯಾಕ್ಟರ್‌ಗೆ ಅಂತ ಡ್ರಮ್‌ನಲ್ಲಿಟ್ಟ ಡೀಸೆಲ್ಲನ್ನು ದಯವಿಟ್ಟು ಈ ಗಾಡಿಗೆ ಹಾಕಬೇಡಿ. ಹಳೇ ಟ್ರ್ಯಾಕ್ಟರ್ ಪಂಪ್ ತಡೆಯುತ್ತೆ. ಇಲ್ಲಿ ಸಿಲಿಂಡರ್‌ಗೆ ಡೀಸೆಲ್ ಸಿಡಿಸೋ ಇಂಜೆಕ್ಟರ್‌ಗೆ ಹೋಗೋ ಒತ್ತಡ 2000 ಬಾರ್‌ಗೂ ಮೇಲೆ, ಆ ಪಂಪಿಗೆ ಡೀಸೆಲ್ಲೇ ಗ್ರೀಸು. ಮಳೆಗಾಲದಲ್ಲಿ ಡ್ರಮ್ಮಿನೊಳಗೆ ಬೆವರಿದ ನೀರು ಬೆರೆತರೆ ಪಂಪ್ ಸವೆದು, ಸಣ್ಣ ಲೋಹದ ಪುಡಿ ಡೀಸೆಲ್ ಹಂಚೋ ಪೈಪ್ (ರೈಲ್), ಆರು ಇಂಜೆಕ್ಟರ್, ಕೊನೆಗೆ ಟ್ಯಾಂಕಿನವರೆಗೂ ಹರಡುತ್ತೆ. ಅಷ್ಟನ್ನೂ ಬದಲಾಯಿಸಬೇಕಾಗುತ್ತೆ. ಹೊಗೆ ಶುದ್ಧ ಮಾಡೋಕೆ ಬೇರೆ ಟ್ಯಾಂಕಿಗೆ ಹಾಕೋ ಆಡ್‌ಬ್ಲೂ ವಿಷಯವೂ ಹೀಗೇ. ಅದು 32.5% ಯೂರಿಯಾ, ಉಳಿದದ್ದು ಶುದ್ಧ ನೀರು. ಗದ್ದೆಗೆ ತಂದ ಯೂರಿಯಾ ಕರಗಿಸಿದರೆ ಅದಾಗಲ್ಲ. 35 ಡಿಗ್ರಿ ಬಿಸಿಲಿಗೆ ಇಟ್ಟ ಕ್ಯಾನ್ ಆರು ತಿಂಗಳಿಗೇ ಕೆಡುತ್ತೆ, ತಾರೀಖು ನೋಡಿ ತಗೊಳ್ಳಿ. ಅಕಸ್ಮಾತ್ ಅದನ್ನು ಡೀಸೆಲ್ ಟ್ಯಾಂಕಿಗೆ ಸುರಿದುಬಿಟ್ಟರೆ ಸ್ಟಾರ್ಟ್ ಮಾಡೋದಿರಲಿ, ಇಗ್ನಿಷನ್ ಕೂಡ ಆನ್ ಮಾಡಬೇಡಿ. ಎತ್ತಿಸಿಕೊಂಡು ಹೋಗಿ ಟ್ಯಾಂಕ್ ಇಳಿಸಿ.

ಇಷ್ಟೆಲ್ಲ ಓದಿಯೂ ಹಳೇ ಗಾಡಿ ತಗೊಳ್ಳೋದೇ ಅಂತಾದರೆ, ವಾರಕ್ಕೊಮ್ಮೆಯಾದರೂ ಬೆಂಗಳೂರೋ ಗುಂಡ್ಲುಪೇಟೆಯೋ ಓಡಾಟ ಇದ್ದರೆ ಮಾತ್ರ ಡೀಸೆಲ್ ನೋಡಿ. ಇಲ್ಲದವರು ಅದೇ ಗಾಡಿಯ ಪೆಟ್ರೋಲ್ ಮಾಡೆಲ್ ತಗೊಳ್ಳಿ, ಮೈಲೇಜ್ ನಷ್ಟ ರಿಪೇರಿ ಬಿಲ್‌ಗಿಂತ ಚಿಕ್ಕದು. ಗಾಡಿ ನೋಡೋಕೆ ಮಾರೋರಿಗೆ ಮುಂಚೆ ಹೇಳದೆ ಬೆಳಿಗ್ಗೆ ಬೇಗ ಹೋಗಿ, ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ, ಇನ್ನೊಂದು ದಿನ ಹೋಗಿ. ಸ್ಕ್ಯಾನರ್‌ನಲ್ಲಿ ಆರು ಇಂಜೆಕ್ಟರ್‌ಗಳ ಕರೆಕ್ಷನ್ ಅಂಕಿ (ಕಂಪ್ಯೂಟರ್ ಒಂದೊಂದಕ್ಕೆ ಎಷ್ಟು ಡೀಸೆಲ್ ಹೆಚ್ಚು-ಕಡಿಮೆ ಮಾಡ್ತಿದೆ ಅನ್ನೋದು) ನೋಡಿ, ಐದು ಒಂದು ಕಡೆ ಇದ್ದು ಒಂದು ಮಾತ್ರ ದೂರ ಇದ್ದರೆ ಬೆಲೆ ಇಳಿಸಿ, ಇಲ್ಲಾ ಬಿಡಿ. ಕೂಲಂಟ್ ಎಲ್ಲೂ ಸೋರದೆ ಕಡಿಮೆ ಆಗ್ತಿದ್ದರೆ ಎಂಜಿನ್‌ಗೆ ವಾಪಸ್ ಹೋಗೋ ಹೊಗೆ ತಂಪು ಮಾಡೋ ಇಜಿಆರ್ ಕೂಲರ್ ಒಡೆದಿರಬಹುದು. ಕೀ ಎರಡೂ ಕೇಳಿ, ಸರ್ವಿಸ್ ಹಿಸ್ಟರಿ ಚಾಸಿಸ್ ನಂಬರ್ ಕೊಟ್ಟು ತೆಗೆಸಿ. ಬೇರೆ ರಾಜ್ಯದ ರಿಜಿಸ್ಟ್ರೇಶನ್ ಆಗಿದ್ದರೆ ಎನ್‌ಒಸಿ ಕೈಗೆ ಬಂದು, ಕರ್ನಾಟಕದ ಲೈಫ್ ಟ್ಯಾಕ್ಸ್ ಎಷ್ಟು ಬೀಳುತ್ತೆ ಅಂತ ಆರ್‌ಟಿಒದಲ್ಲಿ ಕೇಳಿಕೊಳ್ಳೋವರೆಗೆ ಅಡ್ವಾನ್ಸ್ ಕೊಡಬೇಡಿ.