ರೋಮನ್ ನಾಣ್ಯ ಸಿಕ್ಕ ಮಾತ್ರಕ್ಕೆ ರೋಮನ್ನರ ಆಳ್ವಿಕೆಯಲ್ಲ

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿರುವುದು ನಿಜ. ಹಾಗಾಗಿ ರೋಮನ್ನರು ನಮ್ಮನ್ನು ಆಳಿದ್ದರು ಎಂದು ಮತ್ತೆ ಮತ್ತೆ ಬರುವ ಸಂದೇಶದ ತೀರ್ಮಾನ ಮಾತ್ರ ತಪ್ಪು.

ನಾಣ್ಯ ವ್ಯಾಪಾರದೊಂದಿಗೆ ಸಾಗುತ್ತದೆ, ಅದಕ್ಕೆ ಸೈನ್ಯ ಬೇಕಿಲ್ಲ. ಮೆಣಸು, ಮುತ್ತು, ಬಟ್ಟೆಗೆ ಪ್ರತಿಯಾಗಿ ಬೆಳ್ಳಿ ಬಂಗಾರ ಹಡಗೇರಿ ಬಂದವು. ದಕ್ಷಿಣ ಭಾರತದ ಕೆಲವು ನಿಧಿಗಳಲ್ಲಿ ಚಕ್ರವರ್ತಿಯ ಮುಖದ ಮೇಲೆಯೇ ಉಳಿಯ ಗೀರು ಬಿದ್ದಿದೆ. ಆಳುವ ದೊರೆಯ ಮುಖಕ್ಕೆ ಪ್ರಜೆಗಳು ಹಾಗೆ ಮಾಡುವುದು ಅಪರೂಪ!

ಮಡಕೆಯ ವಿಷಯ ಇನ್ನೂ ಸೂಕ್ಷ್ಮ. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ 1945ರ ಉತ್ಖನನದಲ್ಲಿ ಇಟಲಿಯ ಕೆಂಪು ಪಾತ್ರೆಗಳ, ದ್ರಾಕ್ಷಾರಸದ ಜಾಡಿಗಳ ಚೂರುಗಳು ದೊರೆತವು. ಆದರೆ ಅಲ್ಲಿನ ಚುಕ್ಕೆಸಾಲಿನ ನಯವಾದ ತಟ್ಟೆಗಳನ್ನೂ ಮೊದಲು ವಿದೇಶಿ ಎಂದೇ ಭಾವಿಸಲಾಗಿತ್ತು. ಜೇಡಿಮಣ್ಣನ್ನು ಪರೀಕ್ಷಿಸಿದಾಗ ಅವು ಭಾರತದಲ್ಲೇ ತಯಾರಾದವು ಎಂದು ತಿಳಿಯಿತು.

ಇಂಥ ಸಂದೇಶ ಬಂದರೆ ಊರು, ವರ್ಷ, ವಸ್ತು ಈಗಿರುವ ಸಂಗ್ರಹಾಲಯದ ಹೆಸರು ಇವೆಯೇ ನೋಡಿ. ಚಿತ್ರವನ್ನು ಅಂತರ್ಜಾಲದಲ್ಲಿ ಹುಡುಕಿ, ಹಲವು ಬಾರಿ ಬೇರೆ ದೇಶದ ನಾಣ್ಯವೇ ಇರುತ್ತದೆ. ಜೊತೆಗೆ ಏನೇನು ಸಿಕ್ಕಿತು ಎಂದೂ ಕೇಳಿ: ಚಂದ್ರವಳ್ಳಿಯಲ್ಲಿ ಆ ಕಾಲದಲ್ಲಿ ದಖ್ಖನ್ ಆಳಿದ ಶಾತವಾಹನರ ನಾಣ್ಯಗಳೂ ದೊರೆತಿವೆ.